ಸಂತ ಲೂಕರ ಶಾಲೆ: ಧರ್ಮಸಭೆ ಚಿತ್ರ ಬರೆಯಲು ಕಲಿಸಿದ ಬಗೆ



ಅಕ್ಟೋಬರ್ 18ರಂದು ಧರ್ಮಸಭೆ ಶುಭಸಂದೇಶಕಾರ ಸಂತ ಲೂಕರ ಹಬ್ಬವನ್ನು ಆಚರಿಸುತ್ತದೆ. ಅಂದು ಅನೇಕ ಧರ್ಮಕೇಂದ್ರಗಳಲ್ಲಿ ವೈದ್ಯರಿಗಾಗಿ, ದಾದಿಯರಿಗಾಗಿ, ರೋಗಿಗಳಿಗಾಗಿ ವಿಶೇಷ ಪ್ರಾರ್ಥನೆ ಇರುತ್ತದೆ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಲೂಕರನ್ನು ವೈದ್ಯರೆಂದೇ ಹೆಸರಿಸಿರುವುದರಿಂದ ಇದು ಸರಿಯೇ. ಆದರೆ ಅದೇ ಲೂಕರು ಚಿತ್ರಗಾರರಿಗೂ ಪಾಲಕ ಸಂತರು ಎಂಬುದು ನಮ್ಮಲ್ಲಿ ಕೆಲವರಿಗೆ ಮಾತ್ರ ಗೊತ್ತು. ಆ ದಿನ ಬಣ್ಣ ಹಚ್ಚುವವರಿಗಾಗಿ, ಶಿಲ್ಪ ಕೆತ್ತುವವರಿಗಾಗಿ, ಶಾಲೆಯ ಡ್ರಾಯಿಂಗ್ ಮಾಸ್ತರರಿಗಾಗಿ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ವಾಕ್ಯ ಸೇರಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ.

ಲೂಕರು ದೇವಮಾತೆಯ ಚಿತ್ರವನ್ನು ಅವರ ಎದುರಲ್ಲೇ ಕುಳಿತು ಬರೆದರು ಎಂಬುದು ಬಹು ಹಳೆಯ ಪರಂಪರೆ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಲೂಕರ ಹೆಸರಿನಲ್ಲಿರುವ ಚಿತ್ರಗಳೆಲ್ಲ ಅವರ ಕಾಲಕ್ಕಿಂತ ಬಹಳ ಈಚಿನವು. ಆದರೂ ಪರಂಪರೆಯಲ್ಲಿ ಒಂದು ಅರ್ಥವಿದೆ. ಗಬ್ರಿಯೇಲ ದೂತರು ಮರಿಯಮ್ಮನವರ ಬಳಿಗೆ ಬಂದದ್ದು, ಗೋದಲಿಯಲ್ಲಿ ಮಲಗಿದ್ದ ಕಂದ, ಕುರುಬರು, ಮುದುಕ ಸಿಮೆಯೋನ, ದೂರದಿಂದಲೇ ಮಗನನ್ನು ಕಂಡು ಓಡಿಹೋದ ತಂದೆ, ಎಮ್ಮಾವುಸಿನ ದಾರಿ, ಇವೆಲ್ಲ ಲೂಕರ ಶುಭಸಂದೇಶದಿಂದಲೇ ನಮಗೆ ದೊರೆತವು. ಓದುವಾಗಲೇ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನಮ್ಮ ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಲೂಕರು ಬರೆದ ಗ್ರೀಕ್ ಭಾಷೆಯಲ್ಲೂ ಹಾಗೆಯೇ, ಎರಡಕ್ಕೂ ಒಂದೇ ಕ್ರಿಯಾಪದ.

ಇದನ್ನು ಈಗ ಬರೆಯಲು ಕಾರಣವಿದೆ. "ಫಾದರ್, ಮಗನಿಗೆ ಡ್ರಾಯಿಂಗ್ ಹುಚ್ಚು. ಹತ್ತನೇ ಕ್ಲಾಸು ಬೇರೆ. ಇದರಿಂದ ಏನು ಪ್ರಯೋಜನ ಹೇಳಿ" ಎಂದು ತಾಯಂದಿರು ಕೇಳುವುದುಂಟು. ಪರೀಕ್ಷೆ ಹತ್ತಿರ ಬಂದಾಗ ಚಿತ್ರಕಲೆಯ ಪೀರಿಯಡ್ ಗಣಿತಕ್ಕೋ ವಿಜ್ಞಾನಕ್ಕೋ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ, ನಮ್ಮವೇ ಆದ ಶಾಲೆಗಳಲ್ಲೂ. ತಾಯಂದಿರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವನ್ನು ಧರ್ಮಸಭೆಯ ಇತಿಹಾಸದಲ್ಲಿ ಹುಡುಕೋಣ.

ಹಳೆಯ ಕ್ರೈಸ್ತ ವಿದ್ಯಾಭ್ಯಾಸದಲ್ಲಿ ಏಳು ವಿದ್ಯೆಗಳಿದ್ದವು: ವ್ಯಾಕರಣ, ತರ್ಕ, ಮಾತುಗಾರಿಕೆ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಗ್ರೀಕರಿಂದ, ರೋಮನರಿಂದ ಬಂದ ಈ ವಿದ್ಯೆಗಳನ್ನು ಮಠಗಳೂ ಧರ್ಮಾಧ್ಯಕ್ಷರ ಶಾಲೆಗಳೂ ಉಳಿಸಿಕೊಂಡವು. ಗುರುಮಠದಲ್ಲಿ ನಾವು ತತ್ವಶಾಸ್ತ್ರ ಮುಗಿಸಿ ಆಮೇಲೆ ದೈವಶಾಸ್ತ್ರಕ್ಕೆ ಹೋಗುವುದು ಇಂದಿಗೂ ಅದೇ ಜಾಡಿನಲ್ಲಿ. ಈ ಏಳರಲ್ಲಿ ಸಂಗೀತವಿದೆ, ಚಿತ್ರಕಲೆ ಇಲ್ಲ. ಚಿತ್ರ ಬರೆಯುವುದು ಕೈಕೆಲಸ, ಬಡಗಿ ಕಮ್ಮಾರರ ಸಾಲಿಗೆ ಸೇರಿದ್ದು ಎಂಬ ಭಾವನೆ ಅಂದಿನದು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಚಿತ್ರಗಾರರು ಸೇರಿದ್ದು ವೈದ್ಯರ ಮತ್ತು ಔಷಧ ವ್ಯಾಪಾರಿಗಳ ಸಂಘಕ್ಕೆ. ಬಣ್ಣದ ಪುಡಿ ಸಿಗುತ್ತಿದ್ದುದು ಔಷಧದ ಅಂಗಡಿಯಲ್ಲಿ, ಅದಕ್ಕೆ. ಲೂಕರ ಎರಡೂ ಕಡೆಯ ಮಕ್ಕಳು ಹೀಗೆ ಒಂದೇ ಸೂರಿನಡಿ ಬಂದರು!

ಚಿತ್ರಗಾರನಿಗೆ ಪಟ್ಟ ಕಡಿಮೆಯಿದ್ದರೂ ಚಿತ್ರಕ್ಕೆ ಗೌರವ ಕಡಿಮೆಯಿರಲಿಲ್ಲ. ಕ್ರಿ.ಶ. 600ರ ಸುಮಾರಿನಲ್ಲಿ ಫ್ರಾನ್ಸಿನ ಮಾರ್ಸೇಯ್ ಪಟ್ಟಣದ ಧರ್ಮಾಧ್ಯಕ್ಷ ಸೆರೆನುಸರು ತಮ್ಮ ದೇವಾಲಯಗಳಲ್ಲಿದ್ದ ಚಿತ್ರಗಳನ್ನು ಒಡೆದುಹಾಕಿಸಿದರು. ಜನ ಅವುಗಳಿಗೆ ಆರಾಧನೆ ಸಲ್ಲಿಸುತ್ತಿದ್ದಾರೆ ಎಂಬುದು ಅವರ ಆತಂಕ. ಜಗದ್ಗುರು ಮಹಾ ಗ್ರೆಗೊರಿಯವರು ಅವರಿಗೆ ಎರಡು ಪತ್ರ ಬರೆದು ತಿದ್ದಿದರು. ಆರಾಧನೆ ಕೂಡದು ಎಂದದ್ದು ಸರಿ, ಒಡೆದದ್ದು ತಪ್ಪು. ಅಕ್ಷರ ಬಾರದವರು ಪುಸ್ತಕದಲ್ಲಿ ಓದಲಾಗದ್ದನ್ನು ಗೋಡೆಯ ಮೇಲೆ ಓದುತ್ತಾರೆ ಎಂಬುದು ಆ ಪತ್ರಗಳ ಸಾರ. ಅಲ್ಲಿಂದ ಮುಂದೆ ಪಾಶ್ಚಾತ್ಯ ಧರ್ಮಸಭೆಯಲ್ಲಿ ಚಿತ್ರವೆಂದರೆ ಒಂದು ಬಗೆಯ ಅಕ್ಷರ.

ಅಕ್ಷರವಾದ ಮೇಲೆ ಅದನ್ನು ಕಲಿಸುವ ಕ್ರಮವೂ ಬೇಕಲ್ಲ? ಸುಮಾರು 1400ರಲ್ಲಿ ಚೆನ್ನೀನೊ ಚೆನ್ನೀನಿ ಎಂಬ ಇಟಲಿಯ ಚಿತ್ರಗಾರ ಕಸುಬಿನ ಕೈಪಿಡಿಯೊಂದನ್ನು ಬರೆದ. ದೇವರನ್ನು, ಮರಿಯಮ್ಮನವರನ್ನು, ಸಂತರನ್ನು ನೆನೆದೇ ಅವನು ಬರಹ ಆರಂಭಿಸುತ್ತಾನೆ. ಹುಡುಗ ಎಷ್ಟು ವರ್ಷ ಕಲಿಯಬೇಕು ಎಂದು ಅವನು ಹಾಕಿದ ಲೆಕ್ಕ ನೋಡಿ: ಒಂದು ವರ್ಷ ಸಣ್ಣ ಹಲಗೆಯ ಮೇಲೆ ಬರೀ ರೇಖೆ, ಆರು ವರ್ಷ ಗುರುವಿನ ಮನೆಯಲ್ಲಿ ಬಣ್ಣ ಅರೆಯುವುದು, ಅಂಟು ಕುದಿಸುವುದು, ಹಲಗೆಗೆ ಸುಣ್ಣದ ಲೇಪ ಕೊಡುವುದು, ಆಮೇಲೆ ಇನ್ನೂ ಆರು ವರ್ಷ ಬಣ್ಣ ಹಚ್ಚುವುದು. ಒಟ್ಟು 13 ವರ್ಷ. ಹಬ್ಬದ ದಿನವಾಗಲಿ ಕೆಲಸದ ದಿನವಾಗಲಿ ರೇಖೆ ಬರೆಯುವುದನ್ನು ಬಿಡಬಾರದು. ಒಬ್ಬನೇ ಒಳ್ಳೆಯ ಗುರುವನ್ನು ಆರಿಸಿಕೊಂಡು ಅವನ ಕೈಯನ್ನೇ ಅನುಸರಿಸಬೇಕು, ಇಂದು ಇವನದು ನಾಳೆ ಅವನದು ಎಂದು ಅಲೆದರೆ ಯಾವುದೂ ದಕ್ಕುವುದಿಲ್ಲ ಎಂಬುದು ಅವನ ಬುದ್ಧಿಮಾತು.

1435ರಲ್ಲಿ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಆಲ್ಬೆರ್ತಿಯವರು ಲ್ಯಾಟಿನ್ ಬಲ್ಲ ಪಂಡಿತರು. ಅವರು ಕೊಡುವ ಹೋಲಿಕೆ ನಮ್ಮ ಮನೆಮಾತಿನಂತಿದೆ. ಬರಹ ಕಲಿಸುವ ಉಪಾಧ್ಯಾಯರು ಮೊದಲು ಬಿಡಿ ಅಕ್ಷರ, ಆಮೇಲೆ ಕೂಡಿದ ಅಕ್ಷರ, ಆಮೇಲೆ ಪೂರ್ತಿ ಪದ ಕಲಿಸುವ ಹಾಗೆ ಚಿತ್ರವನ್ನೂ ಕಲಿಸಬೇಕು ಎನ್ನುತ್ತಾರೆ ಅವರು. ನಮ್ಮ ಅಜ್ಜಂದಿರು ಮರಳ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ನಿನ್ನ ಮನಸ್ಸಿಗೆ ತೋಚಿದ ಹಾಗೆ 'ಅ' ಬರೆ ಎಂದು ಯಾರೂ ಹೇಳಲಿಲ್ಲ. ಚಿತ್ರದ ವಿಷಯ ಬಂದಾಗ ಮಾತ್ರ ಇಂದಿನ ಶಿಕ್ಷಣ ತಜ್ಞರು ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟು, ತಿದ್ದಬೇಡಿ, ಅದರ ಸ್ವಾತಂತ್ರ್ಯಕ್ಕೆ ಬಿಡಿ ಎನ್ನುತ್ತಾರೆ. ಚಿಕ್ಕ ಮಗುವಿಗೆ ಇದು ಸರಿ. ಹತ್ತು ವರ್ಷ ದಾಟಿದ ಮೇಲೆ ಹೆಚ್ಚಿನ ಮಕ್ಕಳು "ನನಗೆ ಡ್ರಾಯಿಂಗ್ ಬರುವುದಿಲ್ಲ" ಎಂದು ಕೈಬಿಡುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಬಾರದ್ದನ್ನು ಯಾರೂ ಅವರಿಗೆ ಕಲಿಸಿರುವುದಿಲ್ಲ.

ಈಗ ಹದಿನಾರನೇ ಶತಮಾನಕ್ಕೆ ಬರೋಣ. ಪ್ರೊಟೆಸ್ಟೆಂಟ್ ಸುಧಾರಣೆಯ ಬಿರುಗಾಳಿಯಲ್ಲಿ ಯೂರೋಪಿನ ಎಷ್ಟೋ ದೇವಾಲಯಗಳ ಚಿತ್ರಗಳು, ಪ್ರತಿಮೆಗಳು ಬೆಂಕಿಗೆ ಬಿದ್ದವು. 1563ರ ಡಿಸೆಂಬರಿನಲ್ಲಿ ತ್ರೆಂತ್ ಮಹಾಸಭೆ ತನ್ನ ಕೊನೆಯ ಅಧಿವೇಶನದಲ್ಲಿ ಪವಿತ್ರ ಚಿತ್ರಗಳನ್ನು ಎತ್ತಿಹಿಡಿಯಿತು. ಆದರೆ ಅವುಗಳಲ್ಲಿ ತಪ್ಪು ಬೋಧನೆಯಾಗಲಿ ಅಸಭ್ಯತೆಯಾಗಲಿ ಇರದಂತೆ ನೋಡಿಕೊಳ್ಳುವ ಹೊಣೆಯನ್ನು ಧರ್ಮಾಧ್ಯಕ್ಷರ ಮೇಲೆ ಹಾಕಿತು. ಧರ್ಮಾಧ್ಯಕ್ಷರು ಈ ಹೊಣೆಯನ್ನು ಎರಡು ಬಗೆಯಲ್ಲಿ ನಿಭಾಯಿಸಬಹುದಿತ್ತು: ಸರಿಯಿಲ್ಲದ್ದಕ್ಕೆ ಸುಣ್ಣ ಬಳಿಸುವುದು, ಇಲ್ಲವೆ ಸರಿಯಾಗಿ ಬರೆಯುವವರನ್ನು ತಯಾರು ಮಾಡುವುದು. ಮೊದಲನೆಯದು ಸುಲಭ, ಹಾಗೆ ಮಾಡಿದವರೂ ಇದ್ದರು. ಎರಡನೆಯ ದಾರಿ ಹಿಡಿದವರಲ್ಲಿ ಮುಖ್ಯರು ಮಿಲಾನಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಫೆದೆರಿಕೊ ಬೊರೊಮೆಯೊ. ಸಂತ ಚಾರ್ಲ್ಸ್ ಬೊರೊಮೆಯೊ ಅವರ ದಾಯಾದಿ ಸಹೋದರರಿವರು.

1593ರಲ್ಲಿ ರೋಮಿನಲ್ಲಿ ಫೆದೆರಿಕೊ ಜುಕ್ಕರಿ ಎಂಬ ಚಿತ್ರಗಾರರ ನಾಯಕತ್ವದಲ್ಲಿ ಸಂತ ಲೂಕರ ಅಕಾಡೆಮಿ ಆರಂಭವಾದಾಗ ಅದರ ಪೋಷಕರಾಗಿದ್ದವರು ಈ ಬೊರೊಮೆಯೊ ಅವರೇ, ಆಗ ಮೂವತ್ತರೊಳಗಿನ ವಯಸ್ಸು. ಮಿಲಾನಿಗೆ ಬಂದ ಮೇಲೆ ಅವರು ಸುಮ್ಮನಿರಲಿಲ್ಲ. 1609ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದಂದು, ಸಂತ ಅಂಬ್ರೋಸರ ಹೆಸರಿನ ಅಂಬ್ರೋಸಿಯಾನ ಗ್ರಂಥಾಲಯವನ್ನು ಸಾರ್ವಜನಿಕರಿಗೆ ತೆರೆದರು. 1618ರಲ್ಲಿ ತಮ್ಮ ಸ್ವಂತ ಚಿತ್ರ ಸಂಗ್ರಹವನ್ನು ಅದಕ್ಕೆ ದಾನ ಮಾಡಿದರು. 1620ರಲ್ಲಿ ಅಲ್ಲೇ ಚಿತ್ರ, ಶಿಲ್ಪ, ವಾಸ್ತು ಕಲಿಸುವ ಅಕಾಡೆಮಿ ಸ್ಥಾಪಿಸಿದರು. ಚೆರಾನೊ ಎಂದು ಹೆಸರಾದ ಕ್ರೆಸ್ಪಿ ಅವರು ಚಿತ್ರಕಲೆಗೆ, ಬಿಫ್ಫಿ ಶಿಲ್ಪಕ್ಕೆ, ಮಾಂಗೋನೆ ವಾಸ್ತುವಿಗೆ ಗುರುಗಳು.

ಈ ವ್ಯವಸ್ಥೆಯನ್ನು ಗಮನಿಸಬೇಕು. ಪುಸ್ತಕ, ಚಿತ್ರ, ಪಾಠ ಮೂರೂ ಒಂದೇ ಕಡೆ. ಚಿತ್ರಗಳಿದ್ದುದು ಶ್ರೀಮಂತರ ಕಣ್ಣಿಗೆ ಹಬ್ಬವಾಗಲೆಂದು ಮಾತ್ರವಲ್ಲ, ಹುಡುಗರು ಎದುರಿಗೆ ಕುಳಿತು ನಕಲು ಮಾಡಲೆಂದು. ಅದಕ್ಕಾಗಿಯೇ ಕಾರ್ಡಿನಲರು 1626ರಲ್ಲಿ ಒಂದು ಅಪೂರ್ವ ವಸ್ತುವನ್ನು ಹಣ ಕೊಟ್ಟು ಕೊಂಡರು. ಜಗದ್ಗುರು ಎರಡನೇ ಜೂಲಿಯಸರ ಅರಮನೆಯ ಕೋಣೆಯೊಂದರ ಗೋಡೆಯ ಮೇಲೆ ರಫಾಯೆಲರು ಸುಮಾರು 1510ರಲ್ಲಿ ಬರೆದ 'ಅಥೆನ್ಸಿನ ಶಾಲೆ' ಎಂಬ ಚಿತ್ರಕ್ಕೆ ಅವರೇ ಮಾಡಿಕೊಂಡಿದ್ದ ಪೂರ್ಣಪ್ರಮಾಣದ ಕರಡು ಅದು. ಹಾಳೆಗಳನ್ನು ಅಂಟಿಸಿ ಇದ್ದಿಲಿನಲ್ಲಿ ಬರೆದದ್ದು, ಅಗಲ ಎಂಟು ಮೀಟರು. ರೇಖೆಗಳ ಉದ್ದಕ್ಕೂ ಸೂಜಿಯಿಂದ ಚುಚ್ಚಿದ ರಂಧ್ರಗಳಿವೆ. ನಮ್ಮ ಹೆಣ್ಣುಮಕ್ಕಳು ತೂತಿನ ಅಚ್ಚಿನ ಮೇಲೆ ರಂಗೋಲಿ ಪುಡಿ ಸುರಿದು ನೆಲಕ್ಕೆ ಚುಕ್ಕಿ ಇಳಿಸುತ್ತಾರಲ್ಲ, ಹಾಗೆಯೇ ಇದ್ದಿಲ ಪುಡಿ ತಟ್ಟಿ ರೇಖೆಯನ್ನು ವರ್ಗಾಯಿಸುವುದು ಅಂದಿನ ಪದ್ಧತಿ.

'ಅಥೆನ್ಸಿನ ಶಾಲೆ'ಯಲ್ಲಿ ಪ್ಲೇಟೊ, ಅರಿಸ್ಟಾಟಲ್, ಸಾಕ್ರೆಟಿಸ್ ಮೊದಲಾದ ಗ್ರೀಕ್ ಜ್ಞಾನಿಗಳು ನೆರೆದಿದ್ದಾರೆ. ಆ ಕೋಣೆಯ ಎದುರು ಗೋಡೆಯಲ್ಲಿ ರಫಾಯೆಲರದೇ ಇನ್ನೊಂದು ಚಿತ್ರ: ಪೀಠದ ಮೇಲೆ ಪರಮಪ್ರಸಾದ, ಸುತ್ತ ಧರ್ಮಸಭೆಯ ಪಿತಾಮಹರು, ಮೇಲೆ ಸಂತರ ನಡುವೆ ಪ್ರಭು ಕ್ರಿಸ್ತ. ಒಂದು ಗೋಡೆಗೆ ಬೆನ್ನು ಮಾಡಿ ನಿಂತರೆ ಇನ್ನೊಂದು ಕಾಣುತ್ತದೆ. ಕ್ರೈಸ್ತ ಶಾಸ್ತ್ರೀಯ ಶಿಕ್ಷಣ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಪುಸ್ತಕ ತೋರಿಸುವುದಿಲ್ಲ, ಈ ಕೋಣೆಯ ಫೋಟೋ ತೋರಿಸುತ್ತೇನೆ. ರಫಾಯೆಲರ ಕರಡನ್ನು 1796ರಲ್ಲಿ ನೆಪೋಲಿಯನ್ ಸೇನೆ ಪ್ಯಾರಿಸ್ಸಿಗೆ ಹೊತ್ತೊಯ್ದಿತ್ತು. ಅವನ ಪತನದ ನಂತರ ಅದು ಮರಳಿ ಬಂತು. ಕೆಲವು ವರ್ಷ ತಜ್ಞರು ಸಂರಕ್ಷಣಾ ಕೆಲಸ ನಡೆಸಿದ ಮೇಲೆ 2019ರಲ್ಲಿ ಮತ್ತೆ ಪ್ರದರ್ಶನಕ್ಕೆ ಇಡಲಾಯಿತು.

ಬೊರೊಮೆಯೊ ಅವರು 1624ರಲ್ಲಿ ಪವಿತ್ರ ಚಿತ್ರಕಲೆಯ ಬಗ್ಗೆ ಲ್ಯಾಟಿನ್ ಪುಸ್ತಕವನ್ನೂ ಬರೆದರು. ಸಂತರನ್ನು ಹೇಗೆ ತೋರಿಸಬೇಕು, ಹೇಗೆ ತೋರಿಸಬಾರದು ಎಂದು ಅದರಲ್ಲಿ ಬಹಳ ಬಿಗಿಯಾಗಿದ್ದಾರೆ. ಎಷ್ಟು ಬಿಗಿಯೆಂದರೆ ಓದುವಾಗ ಚಿತ್ರಗಾರನ ಮೇಲೆ ಕನಿಕರ ಬರುತ್ತದೆ. ಆದರೆ ಇದೇ ಕಾರ್ಡಿನಲರು ಕರವಾಜ್ಜೊ ಬರೆದ ಹಣ್ಣಿನ ಬುಟ್ಟಿಯ ಚಿತ್ರವನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದರು. ಅದರಲ್ಲಿ ಸಂತರಿಲ್ಲ, ಶಿಲುಬೆಯಿಲ್ಲ. ಹುಳ ತಿಂದ ಸೇಬು, ಬಾಡಿದ ದ್ರಾಕ್ಷಿ ಎಲೆ ಇವೆ, ಅಷ್ಟೆ. ದೇವರ ಸೃಷ್ಟಿಯನ್ನು ಇದ್ದದ್ದು ಇದ್ದ ಹಾಗೆ ನೋಡುವುದೂ ಭಕ್ತಿಯೇ ಎಂದು ಅವರಿಗೆ ಗೊತ್ತಿತ್ತು. 1630ರ ಪ್ಲೇಗಿನಲ್ಲಿ ಮಿಲಾನ್ ತತ್ತರಿಸಿತು. ಕಾರ್ಡಿನಲರು 1631ರಲ್ಲಿ, ಚೆರಾನೊ 1632ರಲ್ಲಿ ತೀರಿಕೊಂಡರು. ಅಕಾಡೆಮಿ ಸೊರಗಿತು, ಮತ್ತೆ ಚೇತರಿಸಿಕೊಂಡದ್ದು ಸುಮಾರು ನಾಲ್ಕು ದಶಕಗಳ ನಂತರ. ಒಬ್ಬ ವ್ಯಕ್ತಿಯ ಉತ್ಸಾಹದ ಮೇಲೆ ನಿಂತ ಕೆಲಸಗಳ ಪಾಡು ಎಲ್ಲೆಡೆ ಇದೇ.

ಮಿಲಾನಿನಲ್ಲಿ ಹಣವಿತ್ತು, ಗ್ರಂಥಾಲಯವಿತ್ತು, ಕಾರ್ಡಿನಲರ ಬೆಂಬಲವಿತ್ತು. ಇವು ಯಾವುವೂ ಇಲ್ಲದ ಕಡೆ ಈ ಶಿಕ್ಷಣ ಏನು ಮಾಡಿತು? ಅದನ್ನು ತಿಳಿಯಲು ಜಪಾನಿಗೆ ಹೋಗಬೇಕು.

1549ರ ಆಗಸ್ಟ್ 15ರಂದು ಸಂತ ಫ್ರಾನ್ಸಿಸ್ ಝೇವಿಯರರು ಜಪಾನಿನ ಕಾಗೊಶಿಮಕ್ಕೆ ಬಂದಿಳಿದರು. ಅವರ ಬಳಿ ಮರಿಯಮ್ಮನವರ ಚಿತ್ರವೊಂದಿತ್ತು. ಆ ಸೀಮೆಯ ಒಡೆಯನ ತಾಯಿ ಅದನ್ನು ನೋಡಿ ಮನಸೋತು, ತನಗೂ ಇಂಥದೊಂದು ಬೇಕೆಂದು ಕೇಳಿಕಳುಹಿಸಿದಳು. ಬರೆದುಕೊಡಲು ಬೇಕಾದ ಸಾಮಗ್ರಿ ಅಲ್ಲಿ ಸಿಗದೆ ಅವಳ ಆಸೆ ಈಡೇರಲಿಲ್ಲ. ಝೇವಿಯರರೇ ತಮ್ಮ ಪತ್ರದಲ್ಲಿ ಇದನ್ನು ದಾಖಲಿಸಿದ್ದಾರೆ. ವಿಶ್ವಾಸಿಗಳು ಸಾವಿರಗಟ್ಟಲೆ ಹೆಚ್ಚಿದಂತೆ ಇದೇ ಕೊರತೆ ದೊಡ್ಡದಾಯಿತು. ಯೂರೋಪಿನಿಂದ ವರ್ಷಗಟ್ಟಲೆ ಹಡಗಿನಲ್ಲಿ ಬರುವ ಚಿತ್ರಗಳು ಯಾತಕ್ಕೆ ಸಾಲಬೇಕು?

ಯೇಸುಸಭೆಯ ಪರಿವೀಕ್ಷಕರಾಗಿ ಬಂದ ಫಾದರ್ ವಲಿಗ್ನಾನೊ ಅವರು 1580ರಲ್ಲಿ ಅರಿಮ ಮತ್ತು ಅಜುಚಿ ಎಂಬ ಊರುಗಳಲ್ಲಿ ಜಪಾನಿ ಹುಡುಗರಿಗಾಗಿ ಗುರುಮಠಗಳನ್ನು ತೆರೆದರು. ಹುಡುಗರು ಲ್ಯಾಟಿನ್ ಕಲಿತರು, ತಮ್ಮದೇ ಜಪಾನಿ ಸಾಹಿತ್ಯ ಕಲಿತರು, ಸಂಗೀತ ಕಲಿತರು. 1590ರಲ್ಲಿ ಮುದ್ರಣಯಂತ್ರ ಬಂತು. ಯೂರೋಪಿಗೆ ಹೋಗಿದ್ದ ನಾಲ್ವರು ಜಪಾನಿ ಕ್ರೈಸ್ತ ತರುಣರು ನಮ್ಮ ಗೋವೆಯ ಮೂಲಕವೇ ಊರಿಗೆ ಮರಳಿದಾಗ ಅವರೊಂದಿಗೆ ಬಂದದ್ದದು. 1593ರಲ್ಲಿ ಈಸೋಪನ ಕಥೆಗಳು ಜಪಾನಿ ಭಾಷೆಯಲ್ಲಿ, 1594ರಲ್ಲಿ ಲ್ಯಾಟಿನ್ ವ್ಯಾಕರಣ ಅಮಾಕುಸದಲ್ಲಿ ಅಚ್ಚಾದವು. ಯೂರೋಪಿನ ಯೇಸುಸಭೆಯ ಶಾಲೆಗಳಲ್ಲಿ ಭಾಷೆ ಮತ್ತು ತರ್ಕಗಳೇ ಪ್ರಧಾನವಾಗಿದ್ದವು. ಇಲ್ಲಿ ಮಾತ್ರ ಅವುಗಳ ಜೊತೆಗೆ ಚಿತ್ರಶಾಲೆಯೂ ಸೇರಿತು.

ಅದರ ಗುರು ಜೊವಾನ್ನಿ ನಿಕ್ಕೊಲೊ. ನೇಪಲ್ಸ್ ಸೀಮೆಯವರು, 1583ರಲ್ಲಿ ಜಪಾನಿಗೆ ಬಂದವರು. ಅವರು ಹುಡುಗರಿಗೆ ಎಣ್ಣೆ ಬಣ್ಣ, ನೀರು ಬಣ್ಣ, ತಾಮ್ರದ ತಗಡಿನ ಮೇಲೆ ಕೆತ್ತನೆ ಎಲ್ಲವನ್ನೂ ಕಲಿಸಿದರು. ಕಲಿಸಿದ ಕ್ರಮ ಚೆನ್ನೀನಿಯ ಕಾಲದ್ದೇ: ಮುಂದೆ ಒಳ್ಳೆಯ ಮಾದರಿ ಇಡುವುದು, ಅದನ್ನು ಮತ್ತೆ ಮತ್ತೆ ಬರೆಸುವುದು. ಅಂಥ ಮಾದರಿಗಳಲ್ಲಿ ಮುಖ್ಯವಾದದ್ದೊಂದು ರೋಮಿನ ಮಹಾ ಮರಿಯಮ್ಮನವರ ಮಹಾದೇವಾಲಯದಲ್ಲಿರುವ, ಸಂತ ಲೂಕರು ಬರೆದರೆಂದು ಪರಂಪರೆ ಹೇಳುವ ಚಿತ್ರ. 2025ರ ಏಪ್ರಿಲಿನಲ್ಲಿ ಜಗದ್ಗುರು ಫ್ರಾನ್ಸಿಸರನ್ನು ಸಮಾಧಿ ಮಾಡಿದ್ದು ಈ ಚಿತ್ರವಿರುವ ಪ್ರಾರ್ಥನಾಲಯದ ಮಗ್ಗುಲಲ್ಲೇ. 1569ರಲ್ಲಿ ಯೇಸುಸಭೆಯ ಶ್ರೇಷ್ಠಗುರು ಸಂತ ಫ್ರಾನ್ಸಿಸ್ ಬೋರ್ಜಿಯ ಅವರು ಅದರ ಪ್ರತಿ ತೆಗೆಯಲು ಅನುಮತಿ ಪಡೆದರು. ಪ್ರತಿಯ ಪ್ರತಿಗಳು ಲೋಕದ ಮೂಲೆ ಮೂಲೆಗೆ ಹೋದವು. 1580ರಲ್ಲಿ ಫತೇಪುರ್ ಸಿಕ್ರಿಗೆ, ಅಕ್ಬರನ ಆಸ್ಥಾನಕ್ಕೆ, ಫಾದರ್ ರುಡಾಲ್ಫ್ ಅಕ್ವವೀವ ಮತ್ತು ಜೊತೆಗಾರರು ಕೊಂಡೊಯ್ದ ಮಾತೆಯ ಚಿತ್ರವೂ ಇದರದೇ ಪ್ರತಿ.

ನಿಕ್ಕೊಲೊ ಅವರ ಶಾಲೆಯಲ್ಲಿ ಪಳಗಿದ ಕೈಗಳು ದೂರ ದೂರ ಹೋದವು. ಅವರ ಶಿಷ್ಯರಲ್ಲೊಬ್ಬರಾದ ಚೀನೀ ಸಹೋದರ ಎಮ್ಮಾನುಯೆಲ್ ಪೆರೇರರು 1610ರಲ್ಲಿ ಬೀಜಿಂಗಿನಲ್ಲಿ ಫಾದರ್ ಮತ್ತೇವೊ ರಿಚ್ಚಿಯವರ ಚಿತ್ರ ಬರೆದರು. ಚೀನದ ಪ್ರೇಷಿತರೆಂದೇ ಹೆಸರಾದ ರಿಚ್ಚಿಯವರ ಮುಖ ನಮಗೆ ಇಂದು ಗೊತ್ತಿರುವುದು ಆ ಚಿತ್ರದಿಂದ.

1614ರಲ್ಲಿ ಜಪಾನಿನ ಆಳರಸರು ಕ್ರೈಸ್ತ ಧರ್ಮವನ್ನು ನಿಷೇಧಿಸಿ ಗುರುಗಳನ್ನು ಹೊರಗಟ್ಟಿದರು. ನಿಕ್ಕೊಲೊ ಅವರು ಮಕಾವಿಗೆ ಹೋದರು, 1626ರಲ್ಲಿ ಅಲ್ಲೇ ತೀರಿಕೊಂಡರು. ಜಪಾನಿನಲ್ಲಿ ಉಳಿದವರ ಮೇಲೆ ಬಂದ ಹಿಂಸೆ ನಿಮಗೆ ಗೊತ್ತಿರಬಹುದು. ಅಧಿಕಾರಿಗಳು ಹೂಡಿದ ಒಂದು ಪರೀಕ್ಷೆಯನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಪ್ರಭುವಿನ ಅಥವಾ ಮರಿಯಮ್ಮನವರ ಚಿತ್ರವನ್ನು ನೆಲದ ಮೇಲಿಟ್ಟು, ಊರಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರೂ ಅದನ್ನು ತುಳಿದು ಮುಂದೆ ಹೋಗಬೇಕೆಂದರು. ಹಿಂಜರಿದವರು ಸಿಕ್ಕಿಬಿದ್ದರು. ಚಿತ್ರ ಎಂದರೆ ಗೋಡೆಯ ಅಲಂಕಾರ ಎಂದುಕೊಂಡವರಿಗೆ ಈ ಪರೀಕ್ಷೆ ಅರ್ಥವಾಗುವುದಿಲ್ಲ. ಆ ಅಧಿಕಾರಿಗಳಿಗೆ ಅರ್ಥವಾಗಿತ್ತು.

ಗುರುಗಳಿಲ್ಲ, ಬಲಿಪೂಜೆಯಿಲ್ಲ, ಪುಸ್ತಕವಿಲ್ಲ. ಇಂಥ ಸ್ಥಿತಿ ಎರಡೂವರೆ ಶತಮಾನ ನಡೆಯಿತು. ಹಿರಾದೊ ಬಳಿಯ ಇಕಿತ್ಸುಕಿ ದ್ವೀಪದಲ್ಲಿ ಗುಪ್ತವಾಗಿ ಉಳಿದ ಕ್ರೈಸ್ತರು ತಮ್ಮ ಮನೆಗಳಲ್ಲಿ ಸುರುಳಿ ಚಿತ್ರಗಳನ್ನು ಬಚ್ಚಿಟ್ಟುಕೊಂಡರು. ಬಾಲಯೇಸುವನ್ನೆತ್ತಿಕೊಂಡ ತಾಯಿ, ಸ್ನಾನಿಕ ಯೊವಾನ್ನ, ಹೀಗೆ. ಸುರುಳಿ ಹಳತಾಗಿ ಬಣ್ಣ ಉದುರಿದಾಗ ಅದನ್ನು ಮುಂದಿಟ್ಟುಕೊಂಡು ಹೊಸದೊಂದನ್ನು ಬರೆಯುತ್ತಿದ್ದರು. ಈ ಕೆಲಸಕ್ಕೆ ಅವರು ಇಟ್ಟ ಹೆಸರು 'ಒಗೆತ'! ಬಟ್ಟೆ ಒಗೆದು ಶುಚಿ ಮಾಡಿದ ಹಾಗೆ ಚಿತ್ರವನ್ನು ಒಗೆಯುವುದು. ಹಳೆಯ ಸುರುಳಿಯನ್ನು ಎಸೆಯದೆ, ಕೆಲಸದಿಂದ ನಿವೃತ್ತಿಯಾದ ಮನೆಯ ಹಿರಿಯರೆಂದು ಗೌರವದಿಂದ ಇಡುತ್ತಿದ್ದರು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಬರೆಯುತ್ತ ಬರೆಯುತ್ತ ತಾಯಿಯ ಉಡುಪು ಕಿಮೋನೊ ಆಯಿತು, ಮುಖ ಜಪಾನಿ ಮುಖವಾಯಿತು. ಬೊರೊಮೆಯೊ ಅವರ ನಿಯಮಪುಸ್ತಕದ ಪ್ರಕಾರ ಇವು ಪಾಸಾಗುತ್ತಿರಲಿಲ್ಲ. ಬರೆದವರು ಚಿತ್ರಗಾರರೂ ಅಲ್ಲ. ಆದರೆ ಮಡಿಲಲ್ಲಿ ಮಗು ಇದ್ದ ಆ ತಾಯಿ ಯಾರೆಂದು ಮಕ್ಕಳಿಗೆ ಹೇಳಿಕೊಡುವುದನ್ನು ಅವರು ಬಿಡಲಿಲ್ಲ.

1865ರ ಮಾರ್ಚ್ 17ರಂದು ನಾಗಾಸಾಕಿಯ ಔರ ಎಂಬಲ್ಲಿ ಫ್ರೆಂಚ್ ಗುರು ಪೆತಿಜಾನರು ಹೊಸದಾಗಿ ಕಟ್ಟಿದ ದೇವಾಲಯಕ್ಕೆ ಹಳ್ಳಿಯವರ ಗುಂಪೊಂದು ಬಂತು. ಅವರಲ್ಲೊಬ್ಬ ಹೆಂಗಸು ಮೆಲ್ಲಗೆ, ತಾವೂ ಅದೇ ಮನಸ್ಸಿನವರು ಎಂದು ಗುರುಗಳಿಗೆ ತಿಳಿಸಿ, ಸಾಂತಾ ಮರಿಯ ಅವರ ಪ್ರತಿಮೆ ಎಲ್ಲಿದೆ ಎಂದು ಕೇಳಿದಳು. ಇನ್ನೂರೈವತ್ತು ವರ್ಷಗಳ ನಂತರ ಅವರು ಗುರುತಿಗಾಗಿ ಕೇಳಿದ್ದು ಆ ತಾಯಿಯ ರೂಪವನ್ನು. ನಿಷೇಧ ತೆರವಾದದ್ದು 1873ರಲ್ಲಿ. ಇನ್ನೊಂದು ಸಂಗತಿ: ಒಸಾಕ ಪ್ರಾಂತ್ಯದ ಬೆಟ್ಟದ ಹಳ್ಳಿಯೊಂದರಲ್ಲಿ, ಮನೆಯ ವಾರಸುದಾರನಲ್ಲದೆ ಬೇರಾರೂ ತೆರೆಯಬಾರದೆಂಬ ಕಟ್ಟಳೆಯಿದ್ದ ಪೆಟ್ಟಿಗೆಯೊಳಗೆ 1920ರಲ್ಲಿ ಸಂತ ಝೇವಿಯರರ ಚಿತ್ರ ಸಿಕ್ಕಿತು. ಎದೆಯ ಮೇಲೆ ಕೈ ಕಟ್ಟಿ, ಮುಖ ಮೇಲೆತ್ತಿ ನಿಂತಿರುವ ಆ ಝೇವಿಯರರನ್ನು ನೀವು ಪುಸ್ತಕಗಳಲ್ಲಿ ಖಂಡಿತ ನೋಡಿರುತ್ತೀರಿ. ಈಗ ಅದು ಕೋಬೆ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ತಾಯಂದಿರ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಕೈಯಿಂದ ಬರೆದು ಕಲಿತದ್ದು ಕಣ್ಣಿನಿಂದ ನೋಡಿದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ. ನಮ್ಮ ಮಕ್ಕಳು ಈಗ ನೋಡುವ ಚಿತ್ರಗಳಿಗೆ ಲೆಕ್ಕವಿಲ್ಲ. ಮೊಬೈಲಿಗೆ ಎರಡು ಸಾಲು ಬರೆದುಕೊಟ್ಟರೆ ಅದೇ ಸಂತ ಲೂಕರ ಚಿತ್ರವನ್ನು ತಯಾರಿಸಿ ಕೊಡುತ್ತದೆ, ಆರು ಬೆರಳಿದ್ದರೂ ಯಾರೂ ಗಮನಿಸುವುದಿಲ್ಲ. ಧರ್ಮಕೇಂದ್ರದ ಹಬ್ಬಕ್ಕೆ ಫ್ಲೆಕ್ಸ್ ಬರುತ್ತದೆ, ಹಬ್ಬ ಮುಗಿದ ಮೇಲೆ ಅದು ಕಟ್ಟಿಗೆ ರಾಶಿಗೆ ಹೊದಿಕೆಯಾಗುತ್ತದೆ. ಸಂತರ ಮುಖ ಮಳೆಯಲ್ಲಿ ನೆನೆಯುತ್ತಿರುತ್ತದೆ.

ಇದಕ್ಕೆ ಖರ್ಚಿನ ಯೋಜನೆ ಬೇಕಾಗಿಲ್ಲ. ಧರ್ಮೋಪದೇಶದ ತರಗತಿಯಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ಮಕ್ಕಳನ್ನು ದೇವಾಲಯದೊಳಗೆ ಕೂರಿಸಿ, ಒಂದು ಪೆನ್ಸಿಲು ಒಂದು ಹಾಳೆ ಕೊಟ್ಟು, ಪ್ರತಿಮೆಯ ಕೈಯೊಂದನ್ನೋ ಪೀಠದ ಮೇಲಿನ ದ್ರಾಕ್ಷಿ ಗೊಂಚಲನ್ನೋ ನೋಡಿ ಬರೆಯಲು ಹೇಳಬಹುದು. ಮುಂದಿನ ತಿಂಗಳು ಅದೇ ಕೈಯನ್ನು ಮತ್ತೆ. ಊರಿನಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರಿದ್ದರೆ ಅವರ ಜಾತಿ ಧರ್ಮ ನೋಡದೆ ಕರೆಯಿರಿ. ಸ್ಪರ್ಧೆ, ಬಹುಮಾನ ಮಾತ್ರ ಬೇಡ. ಬಹುಮಾನವಿಟ್ಟ ಕೂಡಲೇ ಅಪ್ಪ ಅಮ್ಮನೇ ಬರೆದುಕೊಡಲು ಶುರು ಮಾಡುತ್ತಾರೆ!

ಮುಂದಿಡಲು ಒಳ್ಳೆಯ ಮಾದರಿ ಎಲ್ಲಿದೆ ಎನ್ನುವವರಿಗೆ ಮಂಗಳೂರು ದೂರವೇನಲ್ಲ. ಅಲ್ಲಿಯ ಸಂತ ಅಲೋಶಿಯಸ್ ಕಾಲೇಜನ್ನು ಯೇಸುಸಭೆಯವರು 1880ರಲ್ಲಿ ಆರಂಭಿಸಿದರು. ಅದರ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು ಚಿತ್ರಗಳಿಂದ ತುಂಬಿದವರು ಸಹೋದರ ಆಂಟೋನಿಯೊ ಮೊಸ್ಕೇನಿ. ಉತ್ತರ ಇಟಲಿಯ ಬೆರ್ಗಮೊ ಬಳಿಯ ಸ್ತೆಜ್ಜಾನೊ ಎಂಬ ಊರಿನಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಮೊದ ಕರ್ರಾರ ಅಕಾಡೆಮಿಯಲ್ಲಿ ಹಳೆಯ ಕ್ರಮದಲ್ಲೇ ಚಿತ್ರ ಕಲಿತು, 1889ರಲ್ಲಿ ಯೇಸುಸಭೆ ಸೇರಿದರು. 1899ರಿಂದ 1901ರವರೆಗೆ ಮಂಗಳೂರಿನ ಕೆಲಸ. ಗೋಡೆಗಳ ಮೇಲಿನದು ಹಸಿ ಗಾರೆಯ ಮೇಲೆ ಬರೆಯುವ ಫ್ರೆಸ್ಕೊ ಪದ್ಧತಿ. ಗಾರೆ ಒಣಗುವುದರೊಳಗೆ ಕೈ ಓಡಬೇಕು, ಅಳಿಸಿ ತಿದ್ದಲು ಎಡೆಯಿಲ್ಲ. ಚಾವಣಿಯದು ಬಟ್ಟೆಯ ಮೇಲೆ ಎಣ್ಣೆ ಬಣ್ಣ. ಅಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನದ ದೃಶ್ಯಗಳಿವೆ. ಆ ಅಲೋಶಿಯಸರಿಗೆ 1580ರಲ್ಲಿ ಪ್ರಥಮ ಪರಮಪ್ರಸಾದ ಕೊಟ್ಟವರು ಫೆದೆರಿಕೊ ಅವರ ಸಹೋದರರಾದ ಸಂತ ಚಾರ್ಲ್ಸ್ ಬೊರೊಮೆಯೊ ಅವರೇ. ಕರಾವಳಿಯ ಮಳೆಗೆ ಮಾಸಿದ್ದ ಈ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಸರಿಪಡಿಸಿದರು. ಪ್ರವಾಸಿಗರು ಬಸ್ಸುಗಳಲ್ಲಿ ಬಂದು, ಕತ್ತೆತ್ತಿ ನೋಡಿ, ಹೊರಗೆ ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಒಂದು ಮೂಲೆಯಲ್ಲಿ ಕುಳಿತು ಒಂದೇ ಒಂದು ಮುಖವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುವ ಮಗುವನ್ನು ನಾನು ಅಲ್ಲಿ ಇನ್ನೂ ಕಂಡಿಲ್ಲ.

ಮಂಗಳೂರಿನ ಕೆಲಸ ಮುಗಿಸಿದ ಮೇಲೆ ಮೊಸ್ಕೇನಿಯವರು ಬೇರೆ ಕಡೆಗಳಲ್ಲೂ ಬರೆದರು. ಕೊನೆಯದು ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯ. ಅಲ್ಲಿ ಅವರು ಪ್ರಭುವಿನ ಕೊನೆಯ ಭೋಜನವನ್ನು ಬರೆದಿದ್ದಾರೆ, ಮಿಲಾನಿನಲ್ಲಿ ಲಿಯೊನಾರ್ಡೊ ಬರೆದದ್ದನ್ನು ಮಾದರಿಯಾಗಿಟ್ಟುಕೊಂಡು. ಆ ಮೂಲ ಚಿತ್ರ ಉದುರಿಹೋಗುತ್ತಿದೆ ಎಂದು ಕಂಡು, 1612ರಿಂದ 1616ರ ನಡುವೆ ವೆಸ್ಪೀನೊ ಎಂಬ ಚಿತ್ರಗಾರನಿಂದ ಪ್ರತಿ ಬರೆಸಿ ಅಂಬ್ರೋಸಿಯಾನದಲ್ಲಿ ಇಡಿಸಿದವರು ಕಾರ್ಡಿನಲ್ ಬೊರೊಮೆಯೊ. ಕೊಚ್ಚಿಯ ಪ್ರಧಾನಾಲಯದ ಪ್ರತಿಷ್ಠೆ 1905ರ ನವೆಂಬರ್ 19ರಂದು ನಡೆಯಿತು. ಮೊಸ್ಕೇನಿಯವರು ಅದನ್ನು ನೋಡಲಿಲ್ಲ. ನಾಲ್ಕು ದಿನ ಮೊದಲು, ನವೆಂಬರ್ 15ರಂದು, ತಮ್ಮ 51ನೇ ವಯಸ್ಸಿನಲ್ಲಿ ಅಲ್ಲಿಯೇ ಪ್ರಭುವಿನಲ್ಲಿ ನಿದ್ರೆಹೋದರು.